ತಪ್ಪು ಕಲಿಸುವ ಪಾಠ

ಈಜುವ ವಿಧಾನವನ್ನು ವಿವರಿಸುವ ಗ್ರಂಥವನ್ನು ಎಷ್ಟು ಸಲ ಓದಿದರೂ ನೀರಿಗೆ ಇಳಿಯದವನಿಗೆ ಈಜು ಬಾರದು. ಗಣಕಯಂತ್ರದಲ್ಲಿ ಅಪರಿಚಿತ ತಂತ್ರಾಂಶವೊಂದನ್ನು ಅಳವಡಿಸುವ ಕಾರ್ಯವೂ ಇಂಥದೇ. ಕೈಪಿಡಿಯು ದಾರಿಯನ್ನು ತೋರಿಸುತ್ತದೆ. ನಡೆಯುವವನು ಮಾತ್ರ ಎಡವುತ್ತ, ತಿದ್ದಿಕೊಳ್ಳುತ್ತ ಸಾಗಬೇಕಾಗುತ್ತದೆ. ಈ ಬಗೆಯ ಕಲಿಕೆಗೆ ಲಿನಕ್ಸ್ ತಂತ್ರಾಂಶದ ಆರಂಭದ ದಿನಗಳು ಉತ್ತಮ ನಿದರ್ಶನವಾಗಿವೆ.

ಗಣಕಯಂತ್ರದ ಅಂಗಗಳನ್ನೆಲ್ಲ ನಿಯಂತ್ರಿಸಿ, ಉಳಿದ ತಂತ್ರಾಂಶಗಳಿಗೆ ಆಧಾರವಾಗಿ ನಿಲ್ಲುವುದನ್ನು ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ಅವರು ಅಂಥ ವ್ಯವಸ್ಥೆಯೊಂದರ ತಿರುಳನ್ನು ರಚಿಸಿ ಎಲ್ಲರ ಬಳಕೆಗೆ ನೀಡಿದರು. ಅದೇ ಲಿನಕ್ಸ್. ಅದನ್ನು ಇತರ ಅಗತ್ಯ ತಂತ್ರಾಂಶಗಳೊಡನೆ ಕೂಡಿಸಿ 1993ರಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅವರು ಸ್ಲ್ಯಾಕ್‌ವೇರ್ ಎಂಬ ಸಂಗ್ರಹವನ್ನು ಹೊರತಂದರು. ಅದು ಹಲವಾರು ಫ್ಲಾಪಿಗಳಲ್ಲಿ ಹಂಚಿಕೊಂಡಿತ್ತು. ಅವುಗಳನ್ನು ಒಂದಾದ ಮೇಲೊಂದರಂತೆ ಯಂತ್ರಕ್ಕೆ ಉಣಿಸಿ, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ ಬಳಿಕವೂ ಯಂತ್ರವು ಏಳದೆ ನಿಂತುಬಿಡುವುದುಂಟು.

ಹಾಗೆ ನಿಂತ ಪರದೆಯೂ ಮಾತನಾಡುತ್ತಿತ್ತು. ಆ ಕಾಲದಲ್ಲಿ ಲಿನಕ್ಸನ್ನು ಎಬ್ಬಿಸುವ ಹೊಣೆ ಬಹುಮಟ್ಟಿಗೆ ಲಿಲೊ ಎಂಬ ಚಿಕ್ಕ ತಂತ್ರಾಂಶದ್ದಾಗಿತ್ತು. ಅದು ಒಂದೊಂದು ಹಂತವನ್ನು ದಾಟಿದಂತೆ ತನ್ನ ಹೆಸರಿನ ಎಲ್, ಐ, ಎಲ್, ಓ ಎಂಬ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಮೂಡಿಸುತ್ತಿತ್ತು. ಮೊದಲ ಅಕ್ಷರವಷ್ಟೇ ಮೂಡಿದರೆ ಎರಡನೆಯ ಹಂತದ ಭಾಗವು ಸ್ಮರಣೆಗೆ ಬರಲಿಲ್ಲವೆಂದೂ, ಎರಡು ಅಕ್ಷರಗಳು ಮೂಡಿ ನಿಂತರೆ ಆ ಭಾಗವು ಬಂದರೂ ಕೆಲಸ ಆರಂಭಿಸಲಿಲ್ಲವೆಂದೂ ಅರ್ಥ. ಅವಸರದವನಿಗೆ ಕೆಟ್ಟ ಯಂತ್ರವಾಗಿ ಕಂಡದ್ದು ಗಮನವಿಟ್ಟವನಿಗೆ ದೋಷದ ನೆಲೆಯನ್ನೇ ತೋರಿಸುತ್ತಿತ್ತು.

ಹೊಸಬರು ಹೆಚ್ಚಾಗಿ ಮಾಡುತ್ತಿದ್ದ ತಪ್ಪೊಂದಿತ್ತು. ಹಳೆಯ ತಿರುಳಿನ ಜಾಗದಲ್ಲಿ ಹೊಸದನ್ನಿರಿಸಿ, ಲಿಲೊವನ್ನು ಮತ್ತೆ ನಡೆಸುವುದನ್ನು ಮರೆಯುತ್ತಿದ್ದರು. ಲಿಲೊ ಕಡತವನ್ನು ಹೆಸರಿನಿಂದ ಹುಡುಕದೆ, ಹಾರ್ಡ್ ಡಿಸ್ಕಿನಲ್ಲಿ ಅದಿರುವ ಸ್ಥಳವನ್ನು ಮೊದಲೇ ಗುರುತಿಟ್ಟುಕೊಂಡಿರುತ್ತದೆ. ಮನೆ ಬದಲಿಸಿದವನು ಹೊಸ ವಿಳಾಸವನ್ನು ತಿಳಿಸದಿದ್ದರೆ ಪತ್ರವು ಹಳೆಯ ಬಾಗಿಲಿಗೇ ಹೋಗುವುದಷ್ಟೆ! ಹೀಗೆ ಒಮ್ಮೆ ತಪ್ಪಿ ಕಾರಣವನ್ನು ಅರಸಿದವನಿಗೆ ಯಂತ್ರವು ಕಡತವನ್ನು ಕಾಣುವ ಬಗೆಯೇ ತಿಳಿಯುತ್ತಿತ್ತು.

ಆದರೆ ಎಲ್ಲ ತಪ್ಪುಗಳೂ ಪಾಠವಾಗುವುದಿಲ್ಲ. ಒಂದೇ ಸಲ ಐದು ಅಂಶಗಳನ್ನು ಬದಲಿಸುವುದು ಕತ್ತಲಲ್ಲಿ ಕಲ್ಲೆಸೆದಂತೆ. ಯಂತ್ರವು ನಡೆದರೆ ಯಾವುದರಿಂದ ನಡೆಯಿತೆಂದು ತಿಳಿಯದು. ನಿಂತರೆ ಯಾವುದರಿಂದ ನಿಂತಿತೆಂದೂ ತಿಳಿಯದು. ಆದುದರಿಂದ ಒಮ್ಮೆಗೆ ಒಂದನ್ನೇ ಬದಲಿಸಬೇಕು. ಬದಲಿಸಿದುದನ್ನೂ ಅದರ ಫಲವನ್ನೂ ಬರೆದಿಡಬೇಕು. ಯಂತ್ರವು ತೋರಿಸುವ ಸೂಚನೆಯನ್ನು ಪೂರ್ಣವಾಗಿ ಓದಬೇಕು.

ಇದಕ್ಕಿಂತ ಮುಖ್ಯವಾದುದು ಹಿಂತಿರುಗುವ ದಾರಿ. ಹಾರ್ಡ್ ಡಿಸ್ಕನ್ನು ವಿಭಾಗಿಸುವಾಗ ಕೊಟ್ಟ ಒಂದು ತಪ್ಪು ಉತ್ತರವು ಅನೇಕ ವರ್ಷಗಳ ಪತ್ರ, ಲೆಕ್ಕ, ಚಿತ್ರಗಳನ್ನು ಅಳಿಸಿಹಾಕಬಲ್ಲದು. ಬಲ್ಲವರಿಗೂ ಈ ಅಪಾಯ ತಪ್ಪಿದ್ದಲ್ಲ. ಸ್ವತಃ ಟೋರ್ವಾಲ್ಡ್ಸ್ ಅವರು ಲಿನಕ್ಸ್ ರಚಿಸುತ್ತಿದ್ದ ಕಾಲದಲ್ಲಿ ಮಾಡೆಮ್‌ಗೆ ಕಳುಹಿಸಬೇಕಾದ ಆದೇಶವನ್ನು ಮರೆತು ಹಾರ್ಡ್ ಡಿಸ್ಕಿಗೆ ಕಳುಹಿಸಿದರು. ತಾವು ಅದುವರೆಗೆ ಆಧರಿಸಿದ್ದ ಮಿನಿಕ್ಸ್ ವ್ಯವಸ್ಥೆಯ ಭಾಗವು ಹಾಳಾಯಿತು. ಅವರು ಅದನ್ನು ಮರಳಿ ಅಳವಡಿಸುವ ಬದಲು ಲಿನಕ್ಸನ್ನೇ ಬೆಳೆಸಲು ನಿರ್ಧರಿಸಿದರು. ಎಲ್ಲರ ನಷ್ಟವೂ ಹೀಗೆ ಲಾಭವಾಗಿ ಮಾರ್ಪಡದು. ಅಮೂಲ್ಯವಾದುದರ ಪ್ರತಿಯನ್ನು ಬೇರೆಡೆ ಇರಿಸಿಕೊಂಡ ಮೇಲೆಯೇ ಪ್ರಯೋಗಕ್ಕೆ ಕೈಹಾಕುವುದು ವಿವೇಕ.

ಇಂದು ತಂತ್ರಾಂಶಗಳ ಅಳವಡಿಕೆ ಬಹಳ ಸುಲಭವಾಗಿದೆ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸನ್ನು ನಡೆಸಿ ನೋಡಬಹುದು. ಆದರೂ ಹೊಸದೊಂದು ಕೈಗೆ ಬಂದಾಗ ತೊಡಕು ತಪ್ಪದು. ಅಂಜಿ ದೂರ ನಿಂತವನು ಕಲಿಯಲಾರನು; ಎಚ್ಚರವಿಲ್ಲದೆ ನುಗ್ಗಿದವನು ಕಳೆದುಕೊಳ್ಳುವನು. ಧೈರ್ಯಕ್ಕೆ ಕ್ರಮವು ಜೊತೆಯಾದಾಗ ಮಾತ್ರ ತಪ್ಪು ಗುರುವಾಗುತ್ತದೆ.