ನರಹುಲಿ ಕಚ್ಚುವ ಮಿಡತೆ

ಮಳೆಗಾಲದ ರಾತ್ರಿ ಜಗಲಿಯ ದೀಪಕ್ಕೆ ಎಲೆಹಸಿರು ಮಿಡತೆಯೊಂದು ಬಂದು ಕೂರುವುದನ್ನು ಮಕ್ಕಳು ಕಂಡಿರಬಹುದು. ಅದರ ಮೀಸೆಗಳು ಕೂದಲಿನಷ್ಟು ತೆಳು, ಮೈಗಿಂತಲೂ ಉದ್ದ. ಗದ್ದೆಯ ಬದುವಿನಲ್ಲಿ ಹಗಲು ನೆಗೆಯುವ ಗಿಡ್ಡ ಮೀಸೆಯ ಮಿಡತೆಗಳಿಂದ ಇದನ್ನು ಗುರುತಿಸಿ ಬೇರ್ಪಡಿಸಲು ಈ ಲಕ್ಷಣವೊಂದೇ ಸಾಕು. ಇದೇ ನೀಳಮೀಸೆಯ ಕುಟುಂಬದಲ್ಲಿ ಹುಟ್ಟಿ, ಯುರೋಪಿನ ಹುಲ್ಲುಗಾವಲುಗಳಲ್ಲಿ ಬಾಳುವ ಮಿಡತೆಯೊಂದಕ್ಕೆ ವಿಚಿತ್ರವಾದ ಹೆಸರಿದೆ: ನರಹುಲಿ ಕಚ್ಚುವುದು.

ಹಿಂದಿನ ಕಾಲದಲ್ಲಿ ಸ್ವೀಡನ್ನಿನ ಹಳ್ಳಿಗರು ಕೈಮೇಲಿನ ನರಹುಲಿಯನ್ನು ಈ ಮಿಡತೆಯಿಂದ ಕಚ್ಚಿಸುತ್ತಿದ್ದರು; ಹಾಗೆ ಮಾಡಿದರೆ ನರಹುಲಿ ಉದುರುವುದೆಂಬುದು ಅವರ ನಂಬಿಕೆ. ಆ ದೇಶದವನೇ ಆದ ವಿಜ್ಞಾನಿ ಕಾರ್ಲ್ ಲಿನೇಯಸ್ 1758ರಲ್ಲಿ ಆ ನಂಬಿಕೆಯನ್ನೇ ಹೆಸರಾಗಿ ದಾಖಲಿಸಿದನು. ಇಂದು ಇದರ ಶಾಸ್ತ್ರೀಯ ನಾಮ ಡೆಕ್ಟಿಕಸ್ ವೆರುಸಿವೊರಸ್. ಎರಡನೆಯ ಪದಕ್ಕೆ ‘ನರಹುಲಿ ತಿನ್ನುವ’ ಎಂದು ಅರ್ಥ.

ಸುಮಾರು ಮೂರರಿಂದ ನಾಲ್ಕು ಸೆಂಟಿಮೀಟರ್ ಉದ್ದದ ಈ ದಪ್ಪ ಮೈಯ ಕೀಟವು ಸಾಮಾನ್ಯವಾಗಿ ಹಸಿರಾಗಿದ್ದು, ರೆಕ್ಕೆಗಳ ಮೇಲೆ ಕಂದು ಚುಕ್ಕೆಗಳಿರುತ್ತವೆ. ಎಲೆ, ಹೂವುಗಳ ಜೊತೆಗೆ ಸಣ್ಣ ಕೀಟಗಳನ್ನೂ ತಿನ್ನುತ್ತದೆ. ನಮ್ಮಲ್ಲಿ ಇರುಳಲ್ಲಿ ದನಿಗೈಯುವ ಬಂಧುಗಳಂತಲ್ಲದೆ, ಇದು ಬಿಸಿಲು ಕಾದ ಹಗಲಿನಲ್ಲಿ ಹಾಡುತ್ತದೆ. ಗಂಡು ತನ್ನ ಮುಂದಿನ ಎರಡು ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ‘ಟಿಕ್ ಟಿಕ್’ ಎಂಬ ದನಿಯನ್ನು ಹೊರಡಿಸುತ್ತದೆ. ಆ ದನಿಯನ್ನು ಕೇಳುವ ಹೆಣ್ಣಿನ ಕಿವಿಗಳಿರುವುದು ತಲೆಯಲ್ಲಲ್ಲ, ಮುಂಗಾಲುಗಳಲ್ಲಿ!

ಯುರೋಪಿನ ಇತರೆಡೆಗಳಲ್ಲಿ ವಿಸ್ತಾರವಾಗಿ ಹರಡಿರುವ ಈ ಜೀವಿ ಇಂಗ್ಲೆಂಡಿನಲ್ಲಿ ಮಾತ್ರ ದಕ್ಷಿಣ ಭಾಗದ ಬೆರಳೆಣಿಕೆಯ ತಾಣಗಳಿಗೆ ಸೀಮಿತವಾಗಿದೆ. ಬ್ರೈಟನ್ ನಗರದ ಬಳಿಯ ಕ್ಯಾಸಲ್ ಹಿಲ್ ಅವುಗಳಲ್ಲೊಂದು. ಅಲ್ಲಿ ಮಣ್ಣಿನ ಪದರ ತೆಳು. ಅದರ ಕೆಳಗಿರುವುದು ಸೀಮೆಸುಣ್ಣದ ಬಿಳಿಯ ಕಲ್ಲು. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯಿದೆಯ ಐದನೆಯ ಅನುಸೂಚಿಯಲ್ಲಿ ಈ ಮಿಡತೆಯ ಹೆಸರಿದೆ. ಇದನ್ನು ಬೇಕೆಂದೇ ಕೊಲ್ಲುವುದು, ಹಿಡಿಯುವುದು, ಇದರ ಆಶ್ರಯತಾಣವನ್ನು ಹಾಳುಗೆಡಹುವುದು ಅಪರಾಧ. ಓದಿದಾಗ ರಕ್ಷಣೆ ಪೂರ್ಣವಾಯಿತೆಂದೇ ತೋರುತ್ತದೆ. ಆದರೆ ಮಿಡತೆಯ ಬದುಕನ್ನು ನೋಡಿದಾಗ ಹಾಗೆನಿಸದು.

ಹೆಣ್ಣು ಬೇಸಿಗೆಯಲ್ಲಿ ತನ್ನ ಕತ್ತಿಯಂತಹ ಅಂಡನಾಳವನ್ನು ಮಣ್ಣಿಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಅದಕ್ಕೆ ಬಿಸಿಲು ತಾಗುವ ಬರಿನೆಲ ಅಥವಾ ಗಿಡ್ಡ ಹುಲ್ಲು ಬೇಕು. ಇಂಗ್ಲೆಂಡಿನ ತಂಪಿನಲ್ಲಿ ಮೊಟ್ಟೆಗಳು ಸಾಮಾನ್ಯವಾಗಿ ಎರಡು ಚಳಿಗಾಲಗಳನ್ನು ನೆಲದೊಳಗೇ ಕಳೆದು, ವಸಂತದಲ್ಲಿ ಒಡೆಯುತ್ತವೆ. ಮರಿಗಳಿಗೂ ಮೊದಲು ಗಿಡ್ಡ ಹುಲ್ಲಿನ ಬೆಚ್ಚನೆಯೇ ಬೇಕು. ಹಲವು ಸಲ ಪೊರೆ ಕಳಚಿ ದೊಡ್ಡದಾದ ಬಳಿಕ, ಹಕ್ಕಿಗಳ ಕಣ್ಣಿಗೆ ಬೀಳದಂತೆ ಅಡಗಲು ಎತ್ತರದ ಹುಲ್ಲಿನ ಪೊದೆ ಬೇಕು. ಇವೆರಡೂ ಒಂದೇ ಗುಡ್ಡದಲ್ಲಿ, ಅಕ್ಕಪಕ್ಕದಲ್ಲಿ ಇರಬೇಕು. ಏಕೆಂದರೆ ರೆಕ್ಕೆಯಿದ್ದರೂ ಈ ಮಿಡತೆ ದೂರ ಹಾರುವುದಿಲ್ಲ.

ಇಂತಹ ನೆಲವನ್ನು ಶತಮಾನಗಳ ಕಾಲ ಸಿದ್ಧಪಡಿಸಿದವು ಕುರಿಮಂದೆಗಳು. ಕಾಲಕ್ರಮೇಣ ಹಲವು ಗುಡ್ಡಗಳು ನೇಗಿಲಿಗೆ ಸಿಕ್ಕವು. ಕೆಲವೆಡೆ ಕುರಿ ಮೇಯಿಸುವುದು ನಿಂತಿತು. 1953ರಲ್ಲಿ ಬ್ರಿಟನ್ನಿಗೆ ಬಂದ ಸಾಂಕ್ರಾಮಿಕ ರೋಗದಿಂದ, ಹುಲ್ಲನ್ನು ಮೊಟಕಾಗಿ ಮೇಯುತ್ತಿದ್ದ ಮೊಲಗಳೂ ಬಹುಪಾಲು ಅಳಿದವು. ಮೇಯುವ ಬಾಯಿಗಳಿಲ್ಲದೆಡೆ ಹುಲ್ಲು ಎತ್ತರವಾಗಿ, ಮುಳ್ಳುಪೊದೆ ಹಬ್ಬಿ, ನೆಲ ತಂಪಾಗುತ್ತದೆ. ಮೊಟ್ಟೆಗೆ ಬೇಕಾದ ಬಿಸಿಲು ಇಲ್ಲವಾಗುತ್ತದೆ. ಹಾಗೆಂದು ಮಿತಿಮೀರಿ ಮೇಯಿಸಿದರೆ ಅಡಗುವ ಪೊದೆಯೇ ಉಳಿಯದು.

ವಕೀಲನಾದ ನನ್ನನ್ನು ಯೋಚನೆಗೆ ಹಚ್ಚುವುದು ಇದೇ ಸಂಗತಿ. ಕಾಯಿದೆ ಮಾಡಬಾರದ್ದನ್ನು ನಿಷೇಧಿಸುತ್ತದೆ. ಆದರೆ ಇಲ್ಲಿ ಕೇಡು ಬರುವುದು ಯಾರೋ ಏನನ್ನೋ ಮಾಡಿದುದರಿಂದ ಮಾತ್ರವಲ್ಲ, ಪ್ರತಿವರ್ಷ ಮಾಡುತ್ತಿದ್ದುದನ್ನು ನಿಲ್ಲಿಸಿದುದರಿಂದಲೂ ಹೌದು. ಕುರಿ ಮೇಯಿಸದೆ ಸುಮ್ಮನಿದ್ದವನನ್ನು ಯಾವ ನ್ಯಾಯಾಲಯದ ಕಟಕಟೆಗೆ ತರಲಾದೀತು? ಆದುದರಿಂದಲೇ ಸಂರಕ್ಷಕರು ಕಾಯಿದೆಯ ಆಚೆಗೂ ದುಡಿದಿದ್ದಾರೆ. ಲಂಡನ್ ಮೃಗಾಲಯದಲ್ಲಿ ಮಿಡತೆಗಳನ್ನು ಸಾಕಿ, ಕೆಂಟ್ ಪ್ರಾಂತದ ಹುಲ್ಲುಗಾವಲಿನಲ್ಲಿ ಬಿಟ್ಟಿದ್ದಾರೆ. ಉಳಿದ ತಾಣಗಳಲ್ಲಿ ಎಲ್ಲಿ, ಯಾವಾಗ, ಎಷ್ಟು ಮೇಯಿಸಬೇಕೆಂದು ಅಳೆದು ಕುರಿಗಳನ್ನು ಬಿಡುತ್ತಾರೆ.

ಅನುಸೂಚಿಯಲ್ಲಿನ ಹೆಸರು ಬೇಲಿಯಷ್ಟೆ. ಬೇಲಿಯೊಳಗಿನ ನೆಲವನ್ನು ಬಾಳಲು ತಕ್ಕಂತೆ ಇಟ್ಟುಕೊಳ್ಳುವುದು ಪ್ರತಿವರ್ಷದ ದುಡಿಮೆ. ಈ ಬೇಸಿಗೆಯಲ್ಲಿಟ್ಟ ಮೊಟ್ಟೆ ಒಡೆಯುವುದು ಎರಡು ಚಳಿಗಾಲ ಕಳೆದ ಮೇಲೆ. ಅಲ್ಲಿಯವರೆಗೂ ಅದರ ಮೇಲಿನ ಹುಲ್ಲನ್ನು ಯಾರಾದರೂ ಗಿಡ್ಡವಾಗಿ ಇಟ್ಟಿರಬೇಕು.