ಮಳೆಯ ಹಳೆಯ ಲೆಕ್ಕ: ಮರ, ಕಲ್ಲು, ಶಾಸನ ಹೇಳುವುದೇನು?

ಅಂಬ್ಲಿಗೊಳ ಜಲಾಶಯ ತುಂಬಿದ ವರ್ಷ, ಗದ್ದೆ ತೆಗೆದು ಅಡಿಕೆ ಸಸಿ ನೆಡೋಣವೆಂಬ ಮಾತು ಶಿಕಾರಿಪುರ, ಸೊರಬದ ಕಡೆ ಕೇಳಿಬರುತ್ತದೆ. ಭತ್ತ ನಾಲ್ಕೈದು ತಿಂಗಳ ಬೆಳೆ. ಒಂದು ವರ್ಷ ಕೈಕೊಟ್ಟರೆ ಮರುವರ್ಷ ಸರಿಪಡಿಸಿಕೊಳ್ಳಬಹುದು. ಅಡಿಕೆ ಹಾಗಲ್ಲ. ಮೂವತ್ತು ನಲವತ್ತು ವರ್ಷ ಪ್ರತಿ ಬೇಸಿಗೆಯಲ್ಲೂ ಅದಕ್ಕೆ ನೀರು ಬೇಕು. ಅಂಥ ಬೆಳೆಯನ್ನು ಐದಾರು ವರ್ಷದ ಮಳೆಯ ನೆನಪಿನ ಮೇಲೆ ನಿರ್ಧರಿಸಬಹುದೇ?

ಭಾರತ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಮಳೆಮಾಪಕದ ಲೆಕ್ಕ ಹೆಚ್ಚಿನ ಊರುಗಳಲ್ಲಿ ಅದಕ್ಕಿಂತ ಹಿಂದೆ ಹೋಗುವುದಿಲ್ಲ. ಆದರೆ ಅದಕ್ಕೂ ಹಿಂದಿನ ಮಳೆಯನ್ನು ಬೇರೆ ಸಾಕ್ಷಿಗಳಿಂದ ಅಂದಾಜು ಮಾಡಲು ಸಾಧ್ಯವಿದೆ.

ಮರದ ಉಂಗುರ

ತೇಗದ ಮರ ವರ್ಷಕ್ಕೊಂದು ಉಂಗುರ ಕಟ್ಟುತ್ತದೆ. ತೇವ ಸಾಕಷ್ಟಿದ್ದರೆ ಉಂಗುರ ಅಗಲ, ಕೊರತೆಯಾದರೆ ಕಿರಿದು. ಒಂದೇ ಮರವನ್ನು ನಂಬುವಂತಿಲ್ಲ. ನೆರಳು, ರೋಗಗಳಿಂದಲೂ ಉಂಗುರ ಕಿರಿದಾಗುತ್ತದೆ. ಆದುದರಿಂದ ಹಲವು ಮರಗಳನ್ನು ಹೋಲಿಸಬೇಕು. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ದಕ್ಷಿಣ ಭಾರತದ ತೇಗದಿಂದ 523 ವರ್ಷಗಳ ಉಂಗುರದ ಲೆಕ್ಕ ಜೋಡಿಸಿ 2010ರಲ್ಲಿ ಪ್ರಕಟಿಸಿದರು.

ಗುಹೆಯ ಕಲ್ಲು

ಸುಣ್ಣಕಲ್ಲಿನ ಗುಹೆಯಲ್ಲಿ ತೊಟ್ಟಿಕ್ಕುವ ನೀರು ಪದರ ಪದರವಾಗಿ ಕಲ್ಲು ಬೆಳೆಸುತ್ತದೆ. ನಮ್ಮ ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಅಕಳಗವಿಯಲ್ಲಿ ದೊರೆತ ಇಂಥ ಕಲ್ಲಿನಿಂದ 331 ವರ್ಷಗಳ ಮಳೆಯ ಏರಿಳಿತವನ್ನು ವಿಜ್ಞಾನಿಗಳು 2004ರಲ್ಲಿ ವರದಿ ಮಾಡಿದ್ದಾರೆ. ಆಮ್ಲಜನಕದಲ್ಲಿ ಹಗುರ, ಭಾರ ಎಂಬ ಬಗೆಗಳುಂಟು. ಜೋರು ಮಳೆಯ ನೀರಿನಲ್ಲಿ ಭಾರದ ಬಗೆ ಕಡಿಮೆಯಿರುತ್ತದೆ. ಆ ಗುರುತು ಕಲ್ಲಿನ ಪದರದಲ್ಲಿ ಉಳಿಯುತ್ತದೆ.

ಶಾಸನ ಮತ್ತು ಸಂವತ್ಸರ

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಕದಂಬ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಎಷ್ಟು ಮಳೆ ಬಿತ್ತೆಂದು ಶಾಸನ ಹೇಳುವುದಿಲ್ಲ. ಆದರೆ ಸುಮಾರು ಹದಿನೈದು ಶತಮಾನದ ಹಿಂದೆಯೂ ಇಲ್ಲಿ ಮಳೆನೀರನ್ನು ಹಿಡಿದಿಡಬೇಕಾಗಿತ್ತೆಂಬುದು ಅದರಿಂದ ತಿಳಿಯುತ್ತದೆ.

ಹಿರಿಯರು ಹೇಳುವ ಧಾತು-ಈಶ್ವರ ಬರ 1876-78ರದು. ಎರಡು ಸಂವತ್ಸರಗಳ ಹೆಸರು ಒಟ್ಟಿಗೆ ಬಂದಿರುವುದನ್ನು ಗಮನಿಸಿ: ಕಷ್ಟ ಒಂದೇ ವರ್ಷಕ್ಕೆ ಮುಗಿಯಲಿಲ್ಲ. ಮೈದಾನದ ಜಿಲ್ಲೆಗಳಿಗೆ ಪೆಟ್ಟು ಹೆಚ್ಚು ಬಿತ್ತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿದ್ದುದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಹಳೆಯ ಕಡತದಲ್ಲಿ ಸಂವತ್ಸರದ ಹೆಸರು ಸಿಕ್ಕರೆ ಎಚ್ಚರ ಬೇಕು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಧಾತು 1936ರಲ್ಲೂ 1996ರಲ್ಲೂ ಬಂದಿತ್ತು. ಶಕ ವರ್ಷವನ್ನೂ ನೋಡಿ.

ನೀವು ಮಾಡಬಹುದಾದದ್ದು

1. ಮನೆಯ ಹಳೆಯ ಲೆಕ್ಕದ ಪುಸ್ತಕ, ಕಡತಗಳನ್ನು ಒಲೆಗೆ ಹಾಕಬೇಡಿ. ಕೆರೆ ಕೋಡಿ ಬಿದ್ದ ವರ್ಷ, ಬಿತ್ತನೆ ತಪ್ಪಿದ ವರ್ಷಗಳನ್ನು ಹಿರಿಯರಿಂದ ಕೇಳಿ ಬರೆದಿಡಿ.

2. ಬಾಯಿ ಮತ್ತು ತಳ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಿನಲ್ಲಿಟ್ಟು, ನಿತ್ಯ ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ನೀರಿನ ಆಳ ಅಳೆದು ಬರೆಯಿರಿ. ನಂತರ ಡಬ್ಬಿ ಬರಿದು ಮಾಡಿ. 25 ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು.

3. ಅಡಿಕೆ ನೆಡುವ ಮುನ್ನ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಎರಡು ವರ್ಷ ಒಂದರ ಹಿಂದೊಂದು ಕೆರೆ ತುಂಬದಿದ್ದರೆ ತೋಟಕ್ಕೆ ನೀರೆಲ್ಲಿಂದ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಇದು ಹಳೆಯ ಮಾತಲ್ಲ. ಅಂಥ ವರ್ಷಗಳಲ್ಲೂ ಉಳಿಸಿಕೊಳ್ಳಬಲ್ಲಷ್ಟೇ ಜಾಗಕ್ಕೆ ಅಡಿಕೆ ಹಾಕಿ. ಮಿಕ್ಕ ಗದ್ದೆ ಗದ್ದೆಯಾಗಿಯೇ ಇರಲಿ.