ಮರ ಎಣಿಸುವವರ ಕಣ್ಣು

ಕೊಡಗಿನ ಪುಷ್ಪಗಿರಿ ಸೀಮೆಯ ಉಪ್ಪಂಗಳದಲ್ಲಿ ಐದು ಹೆಕ್ಟೇರಿನಷ್ಟು ಕಾಡನ್ನು ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ 1990ರ ಸುಮಾರಿನಿಂದ ಅಳೆಯುತ್ತ ಬಂದಿದೆ. ಎದೆಮಟ್ಟದಲ್ಲಿ 30 ಸೆಂ.ಮೀ. ಸುತ್ತಳತೆ ಮುಟ್ಟಿದ ಮರಗಳೆಲ್ಲ ಅಲ್ಲಿನ ಲೆಕ್ಕಕ್ಕೆ ಸೇರಿವೆ. ಟೇಪು ಸುತ್ತಿ ಅಳತೆ ಬರೆಯುವುದನ್ನು ಯಾರಿಗೂ ಕಲಿಸಬಹುದು. ಅದು ಯಾವ ಮರ ಎಂದು ಹೇಳುವವರು ಮಾತ್ರ ಸುಲಭಕ್ಕೆ ಸಿಗುವುದಿಲ್ಲ.

ಮಳೆಕಾಡಿನ ದೊಡ್ಡ ಮರಗಳ ಎಲೆ ಕಣ್ಣಿಗೆಟಕದ ಎತ್ತರದಲ್ಲಿರುತ್ತದೆ. ಹೂವು ಯಾವ ತಿಂಗಳಲ್ಲೋ. ಕೈಗೆ ಸಿಗುವುದು ಕಾಂಡವೊಂದೇ, ಅದೂ ಪಾಚಿ ಹಿಡಿದದ್ದು. ಬಲ್ಲವರು ತೊಗಟೆಗೆ ಸಣ್ಣದೊಂದು ಕಚ್ಚು ಹಾಕಿ ನೋಡುತ್ತಾರೆ, ಮೂಸುತ್ತಾರೆ. ಕೆಂಪು ರಸ ಜಿನುಗಿದರೆ ರಾಂಪತ್ರೆಯ ಬಳಗವಿರಬೇಕು. ಹಳದಿ ಅಂಟು ಬಂದರೆ ಉಪ್ಪಾಗೆ, ಮುರುಗಲುಗಳ ಕಡೆ ಯೋಚಿಸಬೇಕು. ಪರಿಮಳದ ರಾಳ ಕಂಡರೆ ಧೂಪದ ನೆನಪಾಗುತ್ತದೆ. ಉಬ್ಬಿದ ಟೊಳ್ಳು ರೆಂಬೆಯೊಳಗೆ ಇರುವೆಗಳು ಮನೆಮಾಡಿದ್ದರೆ ಅದು ಹಾಸಿಗೆ ಮರ. ಇದು ಪುಸ್ತಕದಿಂದಷ್ಟೇ ಬರುವ ವಿದ್ಯೆಯಲ್ಲ. ಕಾಡಿನಲ್ಲೇ ಬೆಳೆದ ವಾಚರ್‌ಗಳು ಎಷ್ಟೋ ಸಲ ಪದವೀಧರರಿಗಿಂತ ಮೊದಲು ಹೆಸರು ಹೇಳುತ್ತಾರೆ.

ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಬಹುಕಾಲ ಬಳಸಿದ ಮಾದರಿ ಪ್ಲಾಟಿನ ವಿಸ್ತೀರ್ಣ 0.1 ಹೆಕ್ಟೇರ್. ಅಲ್ಲಿ ಒಂದು ಮರವನ್ನು ತಪ್ಪಾಗಿ ಗುರುತಿಸಿದರೆ ಹೆಕ್ಟೇರಿನ ಲೆಕ್ಕಕ್ಕೆ ಹತ್ತು ಮರ ತಪ್ಪಿದಂತೆ. ಹಾಗಾಗಿಯೇ ನಿಯಮಗಳು ಬಿಗಿ. ಎದೆಮಟ್ಟವೆಂದರೆ ನಮ್ಮಲ್ಲಿ ನೆಲದಿಂದ 1.37 ಮೀಟರ್, ಇಳಿಜಾರಿನಲ್ಲಿ ಮೇಲ್ಬದಿಗೆ ನಿಂತು ಅಳೆಯಬೇಕು. ಕವಲು ಅದಕ್ಕಿಂತ ಕೆಳಗೆ ಒಡೆದಿದ್ದರೆ ಎರಡು ಮರ, ಮೇಲೆ ಒಡೆದಿದ್ದರೆ ಒಂದೇ. ಬುಡದಲ್ಲಿ ಹಲಗೆಯಂಥ ಬೇರುಗಳು ಚಾಚಿದ್ದರೆ ಅವು ಮುಗಿದ ಮೇಲೆಯೇ ಟೇಪು.

ವಿಂಗಡಣೆ ಹೆಸರಿಗೇ ನಿಲ್ಲುವುದಿಲ್ಲ. ಉಪ್ಪಂಗಳದಲ್ಲಿ ಧೂಪ ಮೇಲಿನ ಅಂತಸ್ತಿನದು; ಹಾಸಿಗೆ ಮರ ನೆರಳಲ್ಲೇ ಉಳಿಯುವ ಕುಳ್ಳ ಮರ, ಆದರೆ ಸಂಖ್ಯೆಯಲ್ಲಿ ಮುಂದಿನ ಸಾಲಿನದು. ಮರಮಟ್ಟು ಮಾತ್ರ ಲೆಕ್ಕ ಹಾಕಿದರೆ ಅದು ಬಹುತೇಕ ಕಾಣಿಸುವುದೇ ಇಲ್ಲ. ಎಣಿಸಿದರೆ ಮಾತ್ರ ಅದೆಷ್ಟು ದಟ್ಟವಾಗಿದೆಯೆಂದು ತಿಳಿಯುತ್ತದೆ. ಕಾಡನ್ನು ಘನಮೀಟರಿನಲ್ಲಷ್ಟೇ ನೋಡುವ ಹಳೆಯ ಅಭ್ಯಾಸವನ್ನು ನಾನು ಒಪ್ಪದಿರುವುದು ಇದಕ್ಕೇ.

ನಮೂನೆಯಲ್ಲಿ ‘ಇತರೆ’ ಎಂದು ಬರೆದುಬಿಡುವುದು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಅಪರೂಪದ ಮರಗಳು ಕಳೆದುಹೋಗುವುದು ಅಲ್ಲೇ. ಪ್ರತಿ ತಂಡದಲ್ಲೂ ಮರ ಬಲ್ಲ ಸ್ಥಳೀಯರೊಬ್ಬರಿರಲಿ, ಆ ತಿಳಿವಳಿಕೆಗೆ ತಕ್ಕ ಸಂಬಳವೂ ಇರಲಿ. ಗೊತ್ತಾಗದ ಮರದ ರೆಂಬೆಯನ್ನು ಒತ್ತಿ ಒಣಗಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆಯ ಹರ್ಬೇರಿಯಂನಲ್ಲಿ ಹೋಲಿಸಿ ನೋಡುವಷ್ಟು ಬಿಡುವನ್ನೂ ತಂಡಕ್ಕೆ ಕೊಡಬೇಕು.